ಕೊನೆ ಬಸ್ಸು ಏಳು ಹತ್ತಕ್ಕೆ: ಕುಡಿತ ಬಿಡಲು ಹೋದ ಮೂರು ಕಡೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇಟೆಯ ಎ.ಎ. ಮೀಟಿಂಗಿಗೆ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ, ಹೆಸರು ಹೊರಗೆ ಹೇಳದ ಕುಡುಕರ ಗುಂಪು. ಬೈಕ್ ಮಾರಿದ ದುಡ್ಡನ್ನು ಒಂದು ಖಾಸಗಿ ಕೇಂದ್ರಕ್ಕೆ ಕಟ್ಟಿ, ಅಲ್ಲಿಂದ ಹೊರಬಿದ್ದ ದಿನವೇ ಕ್ವಾರ್ಟರ್ ಕಿಸೆಗೆ ಹಾಕಿಕೊಂಡು ಊರ ಬಸ್ಸು ಹತ್ತಿದವ ನಾನು. ಆಮೇಲೆ ದುಡ್ಡು ಕೇಳದ ದಾರಿಗಳನ್ನಷ್ಟೇ ನೋಡಿದೆ. ನಮ್ಮೂರು ಅಂಕೋಲಾ–ಯಲ್ಲಾಪುರ ರಸ್ತೆಯಿಂದ ಒಳಗೆ, ಗಂಗಾವಳಿ ಹೊಳೆಯ ಕಡೆ. ಮಾಡುವುದು ಗಾರೆ ಕೆಲಸ. ಈ ಎರಡನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಒಂದು ಮಾತು. ದಿನಾ ಕುಡಿಯುವವರು ಹಟ ಹಿಡಿದು ಒಮ್ಮೆಗೇ ನಿಲ್ಲಿಸಬೇಡಿ. ಕೈನಡುಕದಿಂದ ಶುರುವಾದದ್ದು ಫಿಟ್ಸ್, ಭ್ರಮೆಯವರೆಗೆ ಹೋಗಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರ ಹತ್ತಿರ ಹೋಗಿ. ಯಾರಿಗೆ ಕೇಳುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಊಟ, ಭಜನೆ, ಮನೆಯವರನ್ನು ಕೂರಿಸಿಕೊಂಡು ಮಾತು. ಆ ಖಾಸಗಿ ಕೇಂದ್ರದ ದಿನಗಳನ್ನು ಬಿಟ್ಟರೆ, ಹದಿನೈದು ವರ್ಷದಲ್ಲಿ ನಾನು ಸತತ ಎಂಟು ದಿನ ಕುಡಿಯದೆ ಇದ್ದದ್ದು ಅಲ್ಲೇ ಮೊದಲು. ಹೆಂಡತಿಗೆ ಇವತ್ತಿಗೂ ಅದೇ ಮೆಚ್ಚು. ಆದರೆ ಶಿಬಿರ ಊರಿಗೆ ಬಂದಾಗ ಬರುತ್ತದೆ, ಮುಗಿದಾಗ ಮುಗಿಯುತ್ತದೆ. ಆಮೇಲೆ ಶಿಬಿರ ಮುಗಿಸಿದವರೇ ಸೇರುವ ನವಜೀವನ ಸಮಿತಿಯ ಸಭೆಯಲ್ಲಿ ಅಕ್ಕಪಕ್ಕ ಕೂರುವವರು ನನ್ನ ಮೇಸ್ತ್ರಿ, ನನಗೆ ಸಾಲ ಕೊಟ್ಟವ, ನನ್ನ ದಾಯಾದಿ. ಅವರೆದುರು ಬಾಯಿ ಬಿಡಲು ನನಗಾಗಲಿಲ್ಲ. ಆಗುವವರಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಎರಡನೆಯದು ಮೊಬೈಲ್ ಮೀಟಿಂಗು. ಜೂಮ್‌ನಲ್ಲಿ ಎ.ಎ.ಯ ಕನ್ನಡ ಮೀಟಿಂಗೂ ಸಿಗುತ್ತದೆ. ಖರ್ಚಿಲ್ಲ, ಮುಖ ತೋರಿಸಬೇಕಾಗಿಲ್ಲ. ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಗೇರು ಮರದ ಬುಡದಲ್ಲಿ ಮಾತ್ರ. ಜೂನ್ ತಿಂಗಳ ರಾತ್ರಿ ಕೊಡೆ ಹಿಡಿದು ಅಲ್ಲಿ ನಿಂತು, 'ಕೇಳಿಸ್ತಾ ಇದೆಯಾ?' ಎಂದು ನಾಲ್ಕು ಸಲ ಕೂಗಿದರೆ ಅನಾಮಿಕತೆ ಎಷ್ಟು ಉಳಿದೀತು! ಕ್ಯಾಮೆರಾ ಆಫ್ ಇದ್ದಾಗ ಗ್ಲಾಸು ಕೈಯಲ್ಲಿದ್ದರೂ ಯಾರಿಗೂ ಕಾಣುವುದಿಲ್ಲ. ನಾನೂ ಎರಡು ಸಲ ಹಾಗೇ ಕೂತಿದ್ದೆ. ಆದರೂ 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಪೇಟೆಗೆ ಹೋಗುವ ಹೆದ್ದಾರಿ ಬಂದಾದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗೇರು ಮರವೇ.

ಈಗ ಪೇಟೆಯದು. ಯಾವ ಪೇಟೆ ಅಂತ ಬರೆಯುವುದಿಲ್ಲ, ಅಲ್ಲಿ ಕೂರುವವರು ಬರೀ ಎಂಟು ಜನ. ಶಿರೂರು ದಾಟಿ ಹೋಗಬೇಕು ಅಂದರೆ ಸಾಕು. ಫೀಸಿಲ್ಲ, ಡಬ್ಬಿ ಸುತ್ತು ಬರುತ್ತದೆ, ಇದ್ದವರು ಹಾಕುತ್ತಾರೆ. ಕುಡಿತ ಬಿಡುವ ಆಸೆ ಇದ್ದರಾಯಿತು, ಬೇರೆ ಅರ್ಹತೆ ಕೇಳುವುದಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ ಇದು ಶುರುವಾಯಿತಂತೆ. ನಮ್ಮಲ್ಲೂ ಕೆಲವು ವಾರ ಇಬ್ಬರೇ ಇರುತ್ತಾರೆ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಸಣ್ಣ ಗುಂಪು, ಕೀಲಿಕೈ ಇಟ್ಟುಕೊಂಡವರಿಗೆ ವರ್ಗವಾದರೆ ನಿಂತುಬಿಡುತ್ತದೆ.

ತಕರಾರು ಇರುವುದು ಬಸ್ಸಿನದು. ಮೀಟಿಂಗು ಆರಕ್ಕೆ ಶುರು, ಏಳೂವರೆಗೆ ಮುಗಿತಾಯ. ನನ್ನ ಕೊನೆ ಬಸ್ಸು ಏಳು ಹತ್ತಕ್ಕೆ. ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷದ ನಡಿಗೆ, ಅಂದರೆ ಏಳು ಹೊಡೆಯುವ ಮೊದಲೇ ಏಳಬೇಕು. ಹಳಬರು ಮೊದಲು ಮಾತಾಡುತ್ತಾರೆ. ಹೊಸಬರ ಸರದಿ ಬರುವುದು ಏಳರ ಮೇಲೆ. ಹನ್ನೊಂದು ವಾರ ಹೋದೆ, ಹನ್ನೊಂದು ವಾರವೂ ಬಾಯಿ ಬಿಡದೆ ಬಂದೆ. ಕೊನೆಯ ಪ್ರಾರ್ಥನೆ ಹೇಗಿರುತ್ತದೆ ಎಂದೂ ಗೊತ್ತಿರಲಿಲ್ಲ.

ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆಯೇ? ಅದೂ ಇಲ್ಲ. ಎದುರಿಗೇ ವೈನ್‌ಶಾಪಿನ ಬೋರ್ಡು ಝಗಝಗ. ಇಪ್ಪತ್ತು ನಿಮಿಷ ಅದಕ್ಕೆ ಬೆನ್ನು ಹಾಕಿ ನಿಲ್ಲುವುದು ಮೀಟಿಂಗಿಗಿಂತ ದೊಡ್ಡ ಕೆಲಸ. ಹೋಗಿ ಬರುವ ಚಾರ್ಜು ಹೆಚ್ಚುಕಡಿಮೆ ಒಂದು ಕ್ವಾರ್ಟರಿನ ರೇಟು ಎಂದು ಲೆಕ್ಕ ಹಾಕುತ್ತಾ ನಿಲ್ಲುತ್ತಿದ್ದೆ.

ಹನ್ನೆರಡನೇ ವಾರ ನಾನು ಎದ್ದಾಗ ಅಲ್ಲಿಯ ಹಿರಿಯರೊಬ್ಬರು, ರಿಟೈರ್ಡ್ ಮಾಸ್ತರು, ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆಯೇ ಬಂದರು. 'ತಮ್ಮಾ, ನಿಂಗೆ ಬಸ್ಸು ತಪ್ಪುವ ಹೆದರಿಕೆಯೋ, ಮಾತಾಡುವ ಹೆದರಿಕೆಯೋ?' ನಿಜ ಹೇಳಬೇಕೆಂದರೆ, ಬಸ್ಸಿನ ನೆವ ಸಿಕ್ಕಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಿತ್ತು. ಮುಂದಿನ ವಾರ ಅವರು ನನ್ನನ್ನೇ ಮೊದಲು ಮಾತಾಡಿಸಿದರು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ, ಅಂಗಿ ಪೂರ್ತಿ ಒದ್ದೆ. ಅವತ್ತು ಬಸ್ಸು ಬೇಕೆಂದೇ ಬಿಟ್ಟೆ. ಗುಂಪಿನವರೊಬ್ಬರು ಹುಬ್ಬಳ್ಳಿಗೆ ಮೀನು ಒಯ್ಯುವ ಟೆಂಪೋದವರು. ಅರಬೈಲು ಘಾಟಿ ಹತ್ತುವ ಮೊದಲು ನಮ್ಮ ತಿರುವಿನಲ್ಲಿ ಇಳಿಸಿದರು.

ಮೇಜಿನ ಸುತ್ತ ಆಡದ ಮಾತುಗಳು ಆ ಟೆಂಪೋದಲ್ಲಿ ಬರುತ್ತವೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಮೀಟಿಂಗು ಒಂದೂವರೆ ತಾಸಿನದಲ್ಲ, ಮೂರು ತಾಸಿನದು. ವಾರಕ್ಕೊಮ್ಮೆ ಪೇಟೆ, ಮಳೆ ಹೆಚ್ಚಾದರೆ ಗೇರು ಮರ. ಬೈಕ್ ಇರುವವರಿಗೆ, ಮನೆಯಲ್ಲೇ ವೈಫೈ ಇರುವವರಿಗೆ ಲೆಕ್ಕ ಬೇರೆಯಾದೀತು.

ರಾತ್ರಿ ಬಾಗಿಲು ತೆಗೆಯುವಾಗ ಹೆಂಡತಿ ಮೊದಲಿನ ಹಾಗೆ ಈಗಲೂ ಮೂಸಿ ನೋಡುತ್ತಾಳೆ. 'ಬಂಗಡೆ' ಎಂದು ಒಳಗೆ ಹೋಗಿ ಬಿಸಿನೀರು ಇಡುತ್ತಾಳೆ.