ಲೀಸೋ ಬಾಡಿಗೆಯೋ: ಮಹಡಿಯ ಎರಡು ಮನೆಗಳ ಲೆಕ್ಕ

ಬನಶಂಕರಿಯ ನಮ್ಮ ಮನೆಯ ಮಹಡಿ ಮೇಲೆ ಒಂದೇ ಅಳತೆಯ ಎರಡು ಸಣ್ಣ ಮನೆಗಳಿವೆ. 2021ರಲ್ಲಿ ಒಂದನ್ನು ಮೂರು ವರ್ಷಕ್ಕೆ ಲೀಸಿಗೆ, ಅಂದರೆ ನಮ್ಮಪ್ಪನ ಮಾತಿನಲ್ಲಿ ಭೋಗ್ಯಕ್ಕೆ, ಏಳು ಲಕ್ಷ ಪಡೆದು ಕೊಟ್ಟೆ: ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಆ ದುಡ್ಡು ಪೂರಾ ವಾಪಸು. ಪಕ್ಕದ್ದು ಬಾಡಿಗೆಗೆ: ತಿಂಗಳಿಗೆ 13,000, ಒಂದು ಲಕ್ಷ ಅಡ್ವಾನ್ಸು.

ಬಾಡಿಗೆ ಮನೆಯಿಂದ ವರ್ಷಕ್ಕೆ 1,56,000 ರೂಪಾಯಿ. ಏಳು ಲಕ್ಷವನ್ನು ಎಫ್‌ಡಿಯಲ್ಲಿಟ್ಟು ಶೇ 6 ಬಡ್ಡಿ ಸಿಕ್ಕಿದರೂ 42,000. ಹಾಗೆ ನೋಡಿದರೆ ಲೀಸಿಗೆ ಕೊಟ್ಟವನು ದಡ್ಡನೇ. ಆದರೆ ನನ್ನ ತಲೆಮೇಲೆ ಮಗಳ ಮದುವೆಯ ಕೈಸಾಲವಿತ್ತು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಏಳು ಲಕ್ಷಕ್ಕೆ ವರ್ಷಕ್ಕೆ 1,68,000 ಬಡ್ಡಿಗೇ ಹೋಗುತ್ತಿತ್ತು. ಲೀಸಿನ ದುಡ್ಡಿನಿಂದ ಅದನ್ನು ತೀರಿಸಿದೆ. ಆ ಲೆಕ್ಕದಲ್ಲಿ ಬಾಡಿಗೆಗಿಂತ ಲೀಸೇ 12,000 ಮೇಲು.

ಬಾಡಿಗೆ ಮನೆಗೆ ಮೂರು ವರ್ಷದಲ್ಲಿ ಮೂರು ಸಂಸಾರ ಬಂದವು. ಪ್ರತಿ ಸಲ ಹನ್ನೊಂದು ತಿಂಗಳ ಕರಾರು, ಬಣ್ಣ, ಒಂದೆರಡು ತಿಂಗಳು ಖಾಲಿ. ಒಬ್ಬರಂತೂ ಗೃಹಜ್ಯೋತಿಯಲ್ಲಿ ತಮ್ಮ ಆಧಾರ್ ಬಿಡಿಸದೇ ಹೋಗಿ, ಹೊಸಬರು ಬಿಲ್ಲು ಹಿಡಿದು ನಮ್ಮ ಬಾಗಿಲಿಗೆ ಬಂದರು. ಲೀಸಿನವರು ಮೂರೂ ವರ್ಷ ಅಲ್ಲಾಡಲಿಲ್ಲ. ಒಂದನೇ ತಾರೀಕು ಫೋನು ನೋಡುತ್ತ ಕೂರುವ ಕೆಲಸವೂ ಇರಲಿಲ್ಲ. ನಲ್ಲಿಯ ವಾಷರ್ ಹೋದರೆ ಮಾತ್ರ, "ಏಳು ಲಕ್ಷ ಕೊಟ್ಟಿದೀವಲ್ಲ ಸಾರ್!"

ಕಾಗದಪತ್ರದಲ್ಲಿ ಸಸಾರ ಮಾಡಬೇಡಿ. ಒಂದು ವರ್ಷ ಮೀರಿದ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನಾವು ಮಾಡಿಸಿದೆವು, ದುಡ್ಡನ್ನೂ ಪೂರಾ ಬ್ಯಾಂಕಿನ ಮೂಲಕವೇ ತೆಗೆದುಕೊಂಡೆವು.

ಲೀಸಿನ ನಿಜವಾದ ಬಿಸಿ ತಟ್ಟಿದ್ದು 2024ರಲ್ಲಿ. ಅವಧಿ ಮುಗಿಯಿತು, ಏಳು ಲಕ್ಷ ವಾಪಸು ಕೊಡಬೇಕು, ಕೈಯಲ್ಲಿ ಒಂದೂವರೆ ಲಕ್ಷವೂ ಇಲ್ಲ. ಎಲ್ಲರೂ ಮಾಡುವುದು ಒಂದೇ: ಹೊಸ ಲೀಸಿನವರಿಂದ ತೆಗೆದುಕೊಂಡು ಹಳಬರಿಗೆ ಕೊಡುವುದು. ನಾನೂ ಹುಡುಕಿದೆ. ಬಂದವರು ಐದೂವರೆ ಲಕ್ಷಕ್ಕೆ ಕೇಳಿದರು. ಹಳಬರು ದುಡ್ಡು ಬರುವವರೆಗೆ ಬೀಗದ ಕೈ ಕೊಡಲ್ಲ ಅಂದರು. ಅವರ ಮಾತಲ್ಲಿ ತಪ್ಪೇನಿರಲಿಲ್ಲ. ಎರಡು ತಿಂಗಳು ಹಾಗೇ ಕಳೆಯಿತು.

ಆಗ ಹೆಂಡತಿಯೇ ಲೆಕ್ಕ ಹಾಕಿದಳು. ಕೈಸಾಲ ತೀರಿದೆ, ಒಡವೆ ಬ್ಯಾಂಕಿನಲ್ಲಿಟ್ಟು ಶೇ 10ಕ್ಕೆ ಸಾಲ ತಂದರೂ ವರ್ಷಕ್ಕೆ ಬಡ್ಡಿ 70,000. ಅದೇ ಮನೆಗೆ ಬಾಡಿಗೆ ಬಂದರೆ ಅದರ ಎರಡರಷ್ಟು. ಹಾಗೇ ಮಾಡಿದೆವು. ಎರಡು ರೂಪಾಯಿ ಬಡ್ಡಿಯ ಸಾಲ ಇದ್ದವರಿಗೆ ಲೀಸು ಬೇಡವೆನ್ನಲಾರೆ. ಉಳಿದವರು ಬಾಡಿಗೆಗೇ ಕೊಡಿ.

ಈಗ ಎರಡೂ ಮನೆಗೆ ಬಾಡಿಗೆ ಬರುತ್ತಿದೆ. ಬಳೆ ಬಿಡಿಸಿಕೊಂಡಾಯಿತು, ಕಾಸಿನ ಸರ ಇನ್ನೂ ಬ್ಯಾಂಕಿನಲ್ಲೇ ಇದೆ.