ಲಾಕ್ ಬಿತ್ತು ಅಂದ್ರೆ ಬಾಲ್ ಕೂತಿದೆ ಅಂತಲ್ಲ: ಟ್ರೇಲರ್ ಹಿಚ್ ಹಾಕಿಸೋರು ನೋಡಿ

ಬೊಲೆರೊ, ಪಿಕಪ್ ಹಿಂದೆ ಜನರೇಟರ್ ಟ್ರೇಲರ್ ಕಟ್ಟುವವರು ಯಾರಾದ್ರೂ ಇದ್ದರೆ, ಬಾಲ್ ಹಿಚ್ (ಟ್ರೇಲರ್ ಸಿಕ್ಕಿಸೋಕೆ ಗಾಡಿ ಹಿಂದೆ ಹಾಕುವ ಕಬ್ಬಿಣದ ಗುಂಡು, ಅದರ ಪ್ಲೇಟ್) ಹಾಕಿಸುವ ಮೊದಲು ಇದನ್ನು ಓದಿ.

ನಮ್ಮದು ಶಾಮಿಯಾನ, ಸೌಂಡ್, ಲೈಟಿಂಗ್ ಕೆಲಸ. ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಟ್ರೇಲರ್ ಮೇಲೆ ಜನರೇಟರ್ ಕೂರಿಸಿದ್ದೇವೆ, ಎಲ್ಲಾ ಸೇರಿ ಒಂದು ಟನ್ ಹತ್ತಿರ ತೂಗುತ್ತದೆ. ಗಾಡಿಗೆ ಹಿಚ್ ಹಾಕಿಕೊಟ್ಟಿದ್ದು ದಾವಣಗೆರೆಯ ಒಂದು ವೆಲ್ಡಿಂಗ್ ವರ್ಕ್‌ಶಾಪ್. ಸೈಜು ಕೇಳಿದರೆ "ಎಲ್ಲಾ ಒಂದೇ ಅಣ್ಣ, ಯಾವ ಬಾಲ್ ಆದ್ರೂ ಕೂರುತ್ತೆ" ಅಂದ. ಕಪ್ಲರ್, ಅಂದರೆ ಬಾಲ್ ಮೇಲೆ ಟೋಪಿ ಥರ ಕೂತು ಲಾಕ್ ಆಗುವ ಟ್ರೇಲರ್ ಮೂತಿ, ಇಳಿಸಿ ತೋರಿಸಿದ. ಲಾಕ್ ಟಕ್ ಅಂತ ಬಿತ್ತು.

ಭರಮಸಾಗರದ ಕಡೆ ಮದುವೆ ಆರ್ಡರ್‌ಗೆ ಹೋಗುವಾಗ ಆನಗೋಡು ಹತ್ತಿರ ಸರ್ವೀಸ್ ರಸ್ತೆಗೆ ಇಳಿದೆವು. ಹಂಪ್ ದಾಟಿ ಗಾಡಿಯ ಹಿಂಭಾಗ ಕುಸಿದು ಎದ್ದಿದ್ದೇ ತಡ, ಕಪ್ಲರ್ ಬಾಲ್ ಬಿಟ್ಟು ಮೇಲಕ್ಕೆ ಹಾರಿತು, ಟ್ರೇಲರ್ ಮೂಗು ಟಾರಿಗೆ ಬಡಿದು ಕಿಡಿ ಹಾರಿಸುತ್ತಾ ಎಡಕ್ಕೆ ತಿರುಗಿ ಚರಂಡಿಗೆ ನುಗ್ಗಿತು. ಡೀಸೆಲ್ ಟ್ಯಾಂಕ್ ಸೋರಿತು, ಪ್ಯಾನಲ್ ಪುಡಿ. ಸ್ವಲ್ಪವೇ ಮುಂದೆ ಎಳನೀರು ಗಾಡಿ ಹತ್ತಿರ ಜನ ನಿಂತಿದ್ದರು. ಇದೇ ಮೇಲೆ ಹೆದ್ದಾರಿ 48ರಲ್ಲಿ ಲಾರಿಗಳ ಮಧ್ಯೆ ಆಗಿದ್ದರೆ? ಬೇಡ ಬಿಡಿ.

ಗ್ರೀಸ್ ಒರೆಸಿ ನೋಡಿದಾಗ ವಿಷಯ ಗೊತ್ತಾಯಿತು. ಕಪ್ಲರ್ ಮೇಲೆ 50 ಮಿ.ಮೀ. ಅಂತ ಕೊರೆದಿದೆ. ಬಾಲ್ ಮೇಲೆ 1-7/8 ಇಂಚು, ಅಂದರೆ 47.6 ಮಿ.ಮೀ. ಬರೀ 2.4 ಮಿ.ಮೀ. ವ್ಯತ್ಯಾಸ. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತೇ ಆಗಲ್ಲ, ಆದರೆ ಕುಲುಕಿದಾಗ ಬಾಲ್ ಸಲೀಸಾಗಿ ಜಾರಿ ಹೊರಗೆ ಬರುತ್ತದೆ. 2 ಇಂಚಿನ ಬಾಲ್ ಕೂಡ 50 ಮಿ.ಮೀ. ಅಲ್ಲ, 50.8. ಅದನ್ನೂ ಬೆರೆಸಬೇಡಿ. ಎರಡರ ಮೇಲೂ ಕೊರೆದಿರುವ ಅಂಕಿ ಒಂದೇ ಇರಬೇಕು.

ಇನ್ನೂ ಇದೆ. ಬಾಲ್ ಮೇಲೆ ತೂಕದ ಮಿತಿ 2000 ಪೌಂಡ್ ಅಂತಿತ್ತು, ಅಂದರೆ 907 ಕೆ.ಜಿ. ಟ್ಯಾಂಕ್ ತುಂಬಿಸಿ ಕೇಬಲ್ ರೀಲ್ ಹೇರಿದರೆ ನಮ್ಮ ಟ್ರೇಲರ್ ಅದನ್ನು ದಾಟುತ್ತದೆ. ಬಾಲ್, ಕಪ್ಲರ್, ಹಿಚ್ ಪ್ಲೇಟ್, ಗಾಡಿ ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಲೆಕ್ಕ, ಉಳಿದದ್ದು ಎಷ್ಟೇ ಗಟ್ಟಿ ಇದ್ದರೂ ಸುಮ್ನೆ. ಮತ್ತೆ ಪುಣ್ಯಾತ್ಮ ಪ್ಲೇಟನ್ನು ಚಾಸಿಗೆ ಬೋಲ್ಟ್ ಮಾಡದೆ ಹಿಂದಿನ ಬಂಪರ್ ಗಾರ್ಡ್‌ನ ಪೈಪಿಗೆ ವೆಲ್ಡ್ ಮಾಡಿದ್ದ! ವೆಲ್ಡ್ ಪಕ್ಕದಲ್ಲಿ ಆಗಲೇ ಬಿರುಕು ಬಿಟ್ಟಿತ್ತು. ಬಾಲ್ ಕಳಚದೆ ಇದ್ದಿದ್ದರೆ ಒಂದು ದಿನ ಗಾರ್ಡ್ ಸಮೇತ ಕಿತ್ತುಕೊಂಡು ಹೋಗುತ್ತಿತ್ತು. ಗಾಡಿ ಕಂಪನಿ ಕೊಡುವ ಟೋಯಿಂಗ್ ಹುಕ್ಕಿಗೆ ಟ್ರೇಲರ್ ಕಟ್ಟೋದೂ ಇಂಥದ್ದೇ, ಅದು ಕೆಸರಲ್ಲಿ ಸಿಕ್ಕಿದ ಗಾಡಿ ಎಳೆಯೋಕೆ ಇರೋದು.

ಸೇಫ್ಟಿ ಚೈನ್ ಅಂತೂ ಹಾಕಿಯೇ ಇರಲಿಲ್ಲ. ಎರಡು ಚೈನ್ ಬೇಕು, ಕಪ್ಲರ್ ಕೆಳಗೆ ಕತ್ತರಿ ಹಾಕಿದ ಹಾಗೆ ಅಡ್ಡಡ್ಡ ಬರಬೇಕು. ಆಗ ಬಾಲ್ ಕಳಚಿದರೂ ಮೂಗು ಚೈನ್ ಮೇಲೆ ನಿಲ್ಲುತ್ತದೆ, ರಸ್ತೆಗೆ ಚುಚ್ಚಿಕೊಳ್ಳಲ್ಲ.

ಲಾಕ್ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ: ಟ್ರೇಲರ್ ಮೂಗಿನ ಜಾಕ್ ಎತ್ತುತ್ತಾ ಹೋಗಿ. ಗಾಡಿಯ ಹಿಂಭಾಗವೂ ಜೊತೆಗೇ ಮೇಲೇಳಬೇಕು. ಕಪ್ಲರ್ ಒಂದೇ ಎದ್ದು ಬಂದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ತೂಕವನ್ನೂ ಸ್ವಲ್ಪ ಮುಂದಕ್ಕೆ ಇಡಿ, ಒಟ್ಟು ಭಾರದಲ್ಲಿ ನೂರಕ್ಕೆ 10ರಷ್ಟು ಬಾಲ್ ಮೇಲೆ ಇರಲಿ. ಹಿಂದೆ ಜಾಸ್ತಿ ಹೇರಿದರೆ ಟ್ರೇಲರ್ ಹಾವಿನಂತೆ ಆಡುತ್ತದೆ.

ವರ್ಕ್‌ಶಾಪಿನವನು ಈಗ "ನೀವೇ ಹಂಪ್ ಜೋರಾಗಿ ಹಾರಿಸಿದ್ದೀರಿ" ಅಂತಾನೆ. ಮಾಡಿಸುವವರು ಬಿಲ್ ಮೇಲೆ ಬಾಲ್ ಸೈಜು, ತೂಕದ ಮಿತಿ ಎರಡನ್ನೂ ಬರೆಸಿಕೊಳ್ಳಿ. ನಮಗೆ ಕೊಟ್ಟ ಚೀಟಿಯಲ್ಲಿ "ವೆಲ್ಡಿಂಗ್ ಕೆಲಸ" ಅಂತ ಬಿಟ್ಟರೆ ಬೇರೇನೂ ಇಲ್ಲ, ಅದನ್ನು ಹಿಡಿದುಕೊಂಡು ಯಾರನ್ನು ಕೇಳೋದು.