2008ರ ಗಾಡಿಗೆ ಇ20 ಪೆಟ್ರೋಲ್: ಒಂದೂವರೆ ವರ್ಷ, 16 ಸಾವಿರ ಕಿ.ಮೀ. ಓಡಿಸಿದ ಮೇಲೆ

ನನ್ನದು 100 ಸಿಸಿ ಗಾಡಿ, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರೋದು. ಕೆಎ 32 ನಂಬರ್. 2023ರಲ್ಲಿ 15 ವರ್ಷ ತುಂಬಿದಾಗ ಆರ್‌ಸಿ ರಿನೀವಲ್ ಮಾಡಿಸಿದೆ. ಅಪ್ಪ ಕೊಡಿಸಿದ್ದು, ಮಾರುವ ಮನಸ್ಸಿಲ್ಲ. ಕಲಬುರಗಿಯಿಂದ ಆಳಂದ ರಸ್ತೆಯಲ್ಲಿ 22 ಕಿ.ಮೀ. ದೂರದ ಶಾಲೆಗೆ ದಿನಾ ಇದರಲ್ಲೇ ಹೋಗಿ ಬರುತ್ತೇನೆ.

ಹಳೇ ಗಾಡಿಗೆ ಯಾವ ಪೆಟ್ರೋಲ್ ಹಾಕಿಸಬೇಕು ಅಂತ ಬಹಳ ಜನ ಕೇಳುತ್ತಾರೆ. ಆರಿಸಿಕೊಳ್ಳಲು ಈಗ ಜಾಸ್ತಿ ಏನೂ ಉಳಿದಿಲ್ಲ. 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ (ಕಬ್ಬು, ಧಾನ್ಯಗಳಿಂದ ತಯಾರಿಸುವ ಮದ್ಯಸಾರ) ಸರಾಸರಿ 10% ಇತ್ತು, 2025ಕ್ಕೆ 20% ಆಯಿತು. ಸಾದಾ ಪೆಟ್ರೋಲ್ ಅಂದ್ರೆ ಇವತ್ತು ಇ20, ಅಂದ್ರೆ 20% ಎಥನಾಲ್ ಬೆರೆಸಿದ್ದು. 95 ಆಕ್ಟೇನಿನ ದುಬಾರಿ ಪೆಟ್ರೋಲನ್ನೂ ಎರಡು ತಿಂಗಳು ಹಾಕಿಸಿ ನೋಡಿದೆ. ಏನೂ ಫರಕು ಕಾಣಲಿಲ್ಲ. ಅದರಲ್ಲೂ ಎಥನಾಲ್ ಇರುತ್ತದೆ. ಮೇಲಾಗಿ ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ, ನಾಕಿಂಗ್ (ಇಂಧನ ಇಂಜಿನ್ನಿನೊಳಗೆ ತಾನೇ ಸಿಡಿದು ಬಡಿದಂತೆ ಸದ್ದು ಬರೋದು) ತಡೆಯುವ ಗುಣ. ನಮ್ಮಂಥ ಸಣ್ಣ ಇಂಜಿನ್ನಿಗೆ ಅದಕ್ಕಾಗಿ ದುಡ್ಡು ಸುರಿಯೋದು ಸುಮ್ನೆ ದಂಡ.

ಮೈಲೇಜ್ ಬಿದ್ದಿದೆ, ಅದು ಖರೆ. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದ ಇದೆ. ಮೊದಲು 61 ಬರುತ್ತಿತ್ತು, ಈಗ 58. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರನೇ ಎರಡರಷ್ಟು ಮಾತ್ರ ಒಂದು ಲೀಟರ್ ಎಥನಾಲಿನಲ್ಲಿದೆ. ಹಾಗಾಗಿ ಇಷ್ಟು ಇಳಿಯೋದು ಸಹಜ. ಅರ್ಧಕ್ಕರ್ಧ ಹೋಯಿತು ಅನ್ನುವವರು ಒಮ್ಮೆ ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿಯುತ್ತಿದೆಯಾ ಅಂತ ನೋಡಿಸಿ.

ಮೊದಲ ಚಳಿಗಾಲದಲ್ಲಿ ಬೆಳಿಗ್ಗೆ ಚೋಕ್ ಎಳೆದರೂ ಗಾಡಿ ಬೇಗ ಹತ್ತುತ್ತಿರಲಿಲ್ಲ, ನಿಂತಲ್ಲಿ ಬಂದ್ ಆಗುತ್ತಿತ್ತು. ರಿಂಗ್ ರೋಡಿನ ನಮ್ಮ ಮೆಕ್ಯಾನಿಕ್ ಚಾಚಾ ಪ್ಲಗ್ ಬಿಚ್ಚಿ ತೋರಿಸಿದರು. ತುದಿ ಬೆಳ್ಳಗಾಗಿತ್ತು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಹಳೇ ಕಾರ್ಬೊರೇಟರ್‌ಗೆ ಅದೇನು ಗೊತ್ತು? ಅದು ಮೊದಲಿನಷ್ಟೇ ಗಾಳಿ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಅಂದ್ರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆ ಬೀಳುತ್ತದೆ. ಪ್ಲಗ್ ಬೆಳ್ಳಗಾಗಿದ್ದು ಅದರ ಗುರುತು. ಕಾರ್ಬೊರೇಟರ್ ತೊಳೆದು, ಏರ್ ಸ್ಕ್ರೂ ಸ್ವಲ್ಪ ತಿರುಗಿಸಿ ಟ್ಯೂನಿಂಗ್ ಮಾಡಿಕೊಟ್ಟರು. ಅಷ್ಟಕ್ಕೇ ಸರಿಹೋಯಿತು.

ನಿಜವಾದ ಪೆಟ್ಟು ಬಿದ್ದಿದ್ದು 2025ರ ಮಳೆಗಾಲದಲ್ಲಿ. ಕಾಲು ಮುರಿದು ಏಳು ವಾರ ಮನೆಯಲ್ಲಿದ್ದೆ. ಗಾಡಿ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಅಂಗಳದ ತಗಡಿನ ಕೆಳಗೆ ನಿಂತಿತ್ತು. ಟ್ಯಾಂಕ್ ಮುಚ್ಚಳದ ರಬ್ಬರ್ ಸವೆದಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಕರಗಿಸಿಕೊಂಡು ಇರುತ್ತದೆ, ಮಿತಿ ದಾಟಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಎಳೆಯೋದು ತಳದಿಂದಲೇ ಅಲ್ವಾ? ಚಾಚಾ ಟ್ಯಾಂಕ್ ಖಾಲಿ ಮಾಡಿದಾಗ ತಳದಲ್ಲಿ ಮಸುಕು ನೀರು, ತುಕ್ಕಿನ ಪುಡಿ ಬಂತು. ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಗಿತ್ತು. ಪೈಪು, ಕಾಕ್, ಒಳಗಿನ ರಬ್ಬರ್ ರಿಂಗುಗಳು, ಮುಚ್ಚಳದ ವಾಷರ್ ಎಲ್ಲ ಹೊಸದು ಹಾಕಿಸಿದೆ. ಮಜೂರಿ ಸೇರಿ 950 ರೂಪಾಯಿ ಆಯಿತು. "ಸರ್, ಗಾಡಿ ನಿಲ್ಲಸಬ್ಯಾಡ್ರಿ. ವಾರಕ್ಕೊಮ್ಮೆರೆ ಓಡಸ್ರಿ" ಅಂದರು.

ಏಪ್ರಿಲ್ 2023ರಿಂದ ತಯಾರಾದ ಗಾಡಿಗಳಲ್ಲಿ ಇ20ಗೆ ತಾಳುವ ರಬ್ಬರ್, ಪ್ಲಾಸ್ಟಿಕ್ ಇರುತ್ತದೆ. ಅದಕ್ಕಿಂತ ಹಳೆಯದಾದರೆ ಕೆಡುವವರೆಗೆ ಕಾಯದೆ ಈ ರಬ್ಬರ್ ಸಾಮಾನು ಬದಲಿಸಿಬಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ಹಸಿ ಗಾಳಿಗೆ ಜಾಗ ಇರಲ್ಲ. ಆಮೇಲೆ ಕಾಕ್ ಬಂದ್ ಮಾಡಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಒಣಗಿಸಿ. ಈ ಬೇಸಿಗೆ ರಜೆಯಲ್ಲಿ ಹೀಗೇ ಮಾಡಿದೆ, ಜೂನ್‌ನಲ್ಲಿ ನಾಲ್ಕನೇ ಕಿಕ್ಕಿಗೆ ಹತ್ತಿತು.

ಎಥನಾಲ್ ಬಗ್ಗೆ ನನಗೆ ದ್ವೇಷ ಇಲ್ಲ. ನಮ್ಮ ಸೋದರಮಾವ ಅಫಜಲಪುರ ಕಡೆ ಕಬ್ಬು ಬೆಳೆಯುತ್ತಾರೆ. ನಾನು ಹಾಕಿಸುವ ಪೆಟ್ರೋಲಿನ ಒಂದು ಪಾಲು ಅಂಥ ಹೊಲದಿಂದ ಬರುತ್ತದೆ ಅಂದ್ರೆ ಖುಷಿಯೇ. ಬೇಜಾರು ಇರೋದು ಬೇರೆ ಕಡೆ. ಶಕ್ತಿ ಕಡಿಮೆ ಆದಾಗ ಬೆಲೆಯೂ ಅಷ್ಟು ಇಳಿಯಬೇಕಿತ್ತು. ಹಳೇ ಗಾಡಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಹೊಸದು ಕೊಳ್ಳಲು ಆಗದವರು. ಅವರಿಗಾಗಿ ಪಂಪಿನಲ್ಲಿ ಇ10ರ ಒಂದು ನಳಿಕೆಯಾದರೂ ಉಳಿಸಬೇಕಿತ್ತು.

ಪೆಟ್ರೋಲಿನಲ್ಲಿ ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದು. ಗುರುತು ಇರುವ ಗಾಜಿನ ಅಳತೆ ಕೊಳವೆಯಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಅಲುಗಾಡಿಸಿ ಬಿಡಿ. ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ. ಎಥನಾಲ್ ನೀರಿನ ಕಡೆ ಹೋಗಿ ಕೆಳಗಿನ ಪದರ ಏರುತ್ತದೆ. ಇ10 ಆದರೆ ಸುಮಾರು 19ಕ್ಕೆ, ಇ20 ಆದರೆ ಸುಮಾರು 28ಕ್ಕೆ ನಿಲ್ಲಬೇಕು. ನಾನು ಮೂರು ಸಲ ನೋಡಿದೆ. ಮೂರೂ ಸಲ 27, 28ರ ನಡುವೆಯೇ ನಿಂತಿತು.